ಪವರ್ ಜಾಸ್ತಿ ಮಾಡಿಸಿಕೊಂಡರೆ ಸಣ್ಣಗಾಗಲ್ವಾ?

"ಥೈರಾಯ್ಡೇ ತೆಗೆಸ್ಬುಟ್ಟೆ, ಇನ್ನೂ ಯಾಕವ್ವಾ ಮಾತ್ರೆ? ನುಂಗ್ತಾನೂ ಇದ್ದೀಯೆ, ದಪ್ಪಾನೂ ಆಯ್ತಿದ್ದೀಯೆ. ಪವರ್ ಜಾಸ್ತಿ ಮಾಡುಸ್ಕೊಂಡ್ರೆ ಸಣ್ಣಗಾಗಕಿಲ್ವಾ?"

ಮಂಡ್ಯದ ಕಡೆ ಯಾವ ಬೀಗರೂಟಕ್ಕೆ ಹೋದರೂ ಪಕ್ಕದ ಎಲೆಯಿಂದ ಈ ಪ್ರಶ್ನೆ ಬಂದೇ ಬರುತ್ತೆ. ಮುದ್ದೆ ಮುರಿಯುತ್ತಾ ಹೇಳಿ ಮುಗಿಸುವ ಉತ್ತರ ಅಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾತ್ರೆ ಯಾಕೆ ಅನ್ನೋದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್ ಗಳಗಂಡದ, ಅಂದರೆ ಥೈರಾಯ್ಡ್ ಗ್ರಂಥಿ ಊದಿ ಕತ್ತು ದಪ್ಪಗಾಗುವ ಕಾಯಿಲೆಯ, ಆಪರೇಷನ್ನಿನಲ್ಲಿ ಪಳಗಿದ ಕೈ. ಗ್ರಂಥಿಯನ್ನು ಪೂರ್ತಿ ತೆಗೆದ ರೋಗಿಗಳು ಊದಿಕೊಂಡು, ಮಂಕಾಗಿ, ಕೈಕಾಲು ಆಡದಂತಾಗುವುದನ್ನು ಅವರು 1883ರಲ್ಲಿ ವರದಿ ಮಾಡಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಆ ರೋಗಿಗಳಿಗೆ ಸಿಗದೇ ಹೋದದ್ದು ಇವತ್ತು ನನ್ನ ಡಬ್ಬಿಯಲ್ಲಿರೋ ಥೈರಾಕ್ಸಿನ್, ಅಂದರೆ ಆ ಗ್ರಂಥಿ ತಯಾರಿಸುವ ಹಾರ್ಮೋನ್. ಅದು ಗ್ರಂಥಿಯ ಬದಲಿಗೆ ಬಂದದ್ದು, ಸಣ್ಣಗಾಗೋಕೆ ಅಂತ ಮಾಡಿದ್ದಲ್ಲ.

ಪವರ್ ಬೇಕಂತಲೇ ಏರಿಸಿಕೊಂಡರೆ ಎದೆ ಡವಡವ, ಕೈ ನಡುಕ, ರಾತ್ರಿಯೆಲ್ಲ ಎಚ್ಚರ. ವರ್ಷಗಟ್ಟಲೆ ಹಾಗೇ ನಡೆಸಿದರೆ ಮೂಳೆ ಸವೆಯುತ್ತೆ, ಹೃದಯದ ಬಡಿತ ಹದ ತಪ್ಪುತ್ತೆ. ತೂಕ ಇಳಿದರೂ ಅದರಲ್ಲಿ ಮಾಂಸಖಂಡದ ಪಾಲೂ ಇರುತ್ತೆ. ಕ್ಯಾನ್ಸರ್‌ಗೆ ಆಪರೇಷನ್ ಆದ ಕೆಲವರಿಗೆ ಡಾಕ್ಟರೇ ಸ್ವಲ್ಪ ಹೆಚ್ಚು ಕೊಟ್ಟು ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್, ಥೈರಾಕ್ಸಿನ್ ಜಾಸ್ತಿಯಾದರೆ ಇದು ಇಳಿಯುತ್ತೆ) ಕೆಳಗಿಡುತ್ತಾರೆ. ಆ ಲೆಕ್ಕವೇ ಬೇರೆ, ಅವರ ಚೀಟಿ ನೋಡಿ ನಮ್ಮದನ್ನು ಬದಲಾಯಿಸಿಕೊಳ್ಳೋ ಹಾಗಿಲ್ಲ.

ನನ್ನದು ಅತಿಯಾಗಿ ಕೆಲಸ ಮಾಡುತ್ತಿದ್ದ ಥೈರಾಯ್ಡ್. ಆಗ ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ, ರವಿಕೆಗಳೆಲ್ಲ ಸಡಿಲ. ನಂಟರು ಈಗಿನ ನನ್ನನ್ನು ಹೋಲಿಸುವುದು ಆ ಸಡಿಲ ರವಿಕೆಯ ಫೋಟೋ ಜೊತೆ. ಅದು ಕಾಯಿಲೆಯ ಸಣ್ಣ. ಗ್ರಂಥಿ ಹೋದ ಮೇಲೆ ದೇಹದ ಖರ್ಚು ಇಳಿಯಿತು, ಎರಡು ಮುದ್ದೆಯ ಹಸಿವು ಮಾತ್ರ ಹಾಗೇ ಉಳಿಯಿತು. ಹಾರ್ಮೋನ್ ಕಮ್ಮಿಯಾಗಿಯೇ ಬರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಬಹುಪಾಲು ಉಪ್ಪು-ನೀರು. ಮಾತ್ರೆ ಹೊಂದಿಕೊಂಡಾಗ ಅಷ್ಟು ಇಳಿಯುತ್ತೆ. ಉಳಿದದ್ದು ಎಲ್ಲರ ಮೈಯಲ್ಲೂ ಇರುವಂಥದ್ದೇ, ಅದಕ್ಕೆ ಥೈರಾಯ್ಡನ್ನು ಬೈದು ಪ್ರಯೋಜನ ಇಲ್ಲ.

ಹೊಂದಿಕೊಳ್ಳೋದಕ್ಕೆ ಮಾತ್ರ ತಾಳ್ಮೆ ಬೇಕು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಹಿಡಿಯುತ್ತೆ. ಹಾಗಾಗಿ ಡೋಸ್ ಬದಲಾದರೆ ಟಿಎಸ್‌ಎಚ್ ನೆಲೆ ನಿಲ್ಲೋದು 6ರಿಂದ 8 ವಾರಕ್ಕೆ. ಅಷ್ಟರೊಳಗೆ ಲ್ಯಾಬಿಗೆ ಓಡಿ ರಿಪೋರ್ಟ್ ಹಿಡಿದು ಗಾಬರಿಯಾಗುವುದು ದಂಡ. ಆ ನಡುವೆ ಒಂದು ದಿನ ಅಳು, ಒಂದು ದಿನ ಸಿಡುಕು, ಮಧ್ಯಾಹ್ನಕ್ಕೇ ಸುಸ್ತು. ಮನೆಯವರಿಗೆ ಮೊದಲೇ ಹೇಳಿಟ್ಟರೆ ಜಗಳ ಕಮ್ಮಿ. ಪೂರ್ತಿ ತೆಗೆಸಿದವರಿಗೆ ಡೋಸ್ ಶುರುವಾಗೋದು ಹೆಚ್ಚುಕಮ್ಮಿ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ. ಅಂದರೆ ತೂಕ ಚೆನ್ನಾಗಿ ಇಳಿದರೂ ಡೋಸ್ ಮತ್ತೆ ನೋಡಿಸಬೇಕು.

ರಿಪೋರ್ಟಿನ ಏರಿಳಿತಕ್ಕೆ ದೊಡ್ಡ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಮಾತ್ರೆ ನುಂಗಿದ ಬಾಯಿಗೇ ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಒಳಗೆ ಸೇರಲ್ಲ. ಡಿಕಾಕ್ಷನ್ ಇಳಿಯೋ ಘಮ ಮೂಗಿಗೆ ಬಡಿಯುತ್ತಿರುವಾಗ ಒಂದು ಗಂಟೆ ಕಾಯೋದು ಸಾಮಾನ್ಯದ ಮಾತಲ್ಲ ಬಿಡಿ. ನಾನು ಮಾತ್ರೆ ಡಬ್ಬಿ, ನೀರಿನ ಚೊಂಬು ಎರಡನ್ನೂ ಹಾಸಿಗೆ ಪಕ್ಕದಲ್ಲೇ ಇಡುತ್ತೇನೆ. ಕಣ್ಣು ಬಿಟ್ಟ ಕೂಡಲೇ ನುಂಗಿ, ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಸ್ನಾನ ಮುಗಿಸೋ ಹೊತ್ತಿಗೆ ಗಂಟೆ ಆಗಿರುತ್ತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ, ನಾರು ಎರಡೂ ಜಾಸ್ತಿ, ಅದಕ್ಕೇ ಬೆಳಗಿನ ಅಂಬಲಿ ಬಿಟ್ಟು ಮಧ್ಯಾಹ್ನದ ಮುದ್ದೆ ಇಟ್ಟುಕೊಂಡೆ. ಎರಡಲ್ಲ, ಒಂದೇ. ಆ ಜಾಗಕ್ಕೆ ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ತಟ್ಟೆ ತುಂಬ. ಸಂಜೆ ನಾಲೆ ಏರಿ ಮೇಲೆ ಬಿರುಸು ನಡಿಗೆ. ಇಷ್ಟಕ್ಕೆ ತೂಕ ಇಳಿಯಿತು, ನಿಧಾನವಾಗಿ.

ಎಲೆಕೋಸು, ಹೂಕೋಸು ಮುಟ್ಟಬೇಡ ಅನ್ನೋರಿದ್ದಾರೆ. ಅವು ಅಡ್ಡಿ ಮಾಡೋದು ಗ್ರಂಥಿ ಅಯೋಡಿನ್ ಹೀರಿಕೊಳ್ಳೋದಕ್ಕೆ. ಗ್ರಂಥಿಯೇ ಇಲ್ಲದವಳಿಗೆ ಕೋಸಿನ ಪಲ್ಯದ ಭಯ ಯಾಕೆ?

ಆಪರೇಷನ್ ಹೊಸದರಲ್ಲಿ ತುಟಿ ಸುತ್ತ, ಬೆರಳ ತುದಿ ಜುಮುಜುಮು ಅಂದರೆ ತಡಮಾಡದೆ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಹಿಂದಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪೆಟ್ಟು ತಿಂದು ಕ್ಯಾಲ್ಸಿಯಂ ಇಳಿದಿರಬಹುದು.

ಇನ್ನು ಕೂದಲು ಉದುರುತ್ತೆ ಅಂತ ಮೆಡಿಕಲ್ ಶಾಪಿನಿಂದ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಂದು ನುಂಗೋರು ಡಾಕ್ಟರಿಗೂ ಲ್ಯಾಬಿನವರಿಗೂ ಮೊದಲೇ ಹೇಳಿ, ಟೆಸ್ಟಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಕೆಲವು ಟೆಸ್ಟುಗಳಲ್ಲಿ ಅದು ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ತೋರಿಸುತ್ತೆ. ಅದನ್ನು ನಂಬಿ ಡೋಸ್ ಇಳಿಸಿದರೆ ಮತ್ತೆ ಸುಸ್ತು, ಮತ್ತೆ ಊತ, ಮತ್ತೆ ಬೀಗರೂಟದಲ್ಲಿ ಅದೇ ಪ್ರಶ್ನೆ.