ಎಂಜಿನ್ ಸರಿಯಾಗಿದೆ ಅಂತ ಎರಡು ಸಲ ಬರೆದಿದ್ದೆ

ನಾನು ಫ್ಲೋಟ್‌ಪ್ಲೇನ್ ಮೆಕ್ಯಾನಿಕ್. ಚಕ್ರದ ಬದಲು ದೋಣಿಯಂಥ ಎರಡು ಫ್ಲೋಟ್ ಇಟ್ಟುಕೊಂಡು ನೀರಿನ ಮೇಲಿಂದಲೇ ಹಾರುವ ಸಣ್ಣ ವಿಮಾನಗಳು ಇವು. ಅದರಲ್ಲೊಂದು ಎರಡು ಸಲ ಒಂದೇ ದೂರು ಹೊತ್ತು ಬಂತು: ಬೆಳಿಗ್ಗೆ ಎಂಜಿನ್ ಎಳೆಯುವುದಿಲ್ಲ. ಪ್ಲಗ್ ಬಿಚ್ಚಿದೆ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಮ್ಯಾಗ್ನೆಟೊ ನೋಡಿದೆ, ಪೆಟ್ರೋಲಿಗೆ ನೀರು ಸೇರಿದೆಯಾ ಅಂತ ಟ್ಯಾಂಕಿನ ತಳದಿಂದ ತೆಗೆದು ನೋಡಿದೆ. ಮಧ್ಯಾಹ್ನದ ಬಿಸಿಲಲ್ಲಿ ದಡಕ್ಕೆ ಕಟ್ಟಿ ಓಡಿಸಿದರೆ ಗಡಿಯಾರದ ಹಾಗೆ ಓಡಿತು. ಎರಡೂ ಸಲ 'ಸರಿಯಾಗಿದೆ' ಅಂತ ಬರೆದು ಸಹಿ ಹಾಕಿದೆ.

"ಬೆಳಿಗ್ಗೆ ನೀವೇ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ" ಅಂದರು ಪೈಲಟ್.

ಕೂತೆ. 18 ಡಿಗ್ರಿ, ನೀರಿನ ಮೇಲೆ ತೆಳು ಮಂಜು. ಫ್ಲೋಟ್‌ಪ್ಲೇನಿಗೆ ಬ್ರೇಕ್ ಇಲ್ಲ, ಸ್ಟಾರ್ಟ್ ಮಾಡಿದ ಕೂಡಲೇ ಹೊರಡುತ್ತದೆ. ಎಣ್ಣೆ ಬಿಸಿಯಾಗಬೇಕು, ಎದುರಿನ ದೋಣಿ ದಾಟಬೇಕು. ಹತ್ತು ನಿಮಿಷ ಥ್ರಾಟಲ್ ಮುಚ್ಚಿಕೊಂಡು ತೇಲಿದೆವು. ಆಮೇಲೆ ಥ್ರಾಟಲ್ ಪೂರ್ತಿ ತಳ್ಳಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು, ಇರಬೇಕಾದ್ದಕ್ಕಿಂತ 150 ಕಡಿಮೆ! ವಿಮಾನ ಮೂಗೆತ್ತಿಕೊಂಡು ನೀರು ಉಳುತ್ತಾ ಹೋಯಿತೇ ಹೊರತು ಫ್ಲೋಟ್ ಮೇಲಕ್ಕೆ ಬರಲೇ ಇಲ್ಲ.

ಕಾರ್ಬ್ಯುರೇಟರ್‌ನಲ್ಲಿ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗದಲ್ಲಿ, ಐಸ್. 18 ಡಿಗ್ರಿಯಲ್ಲಿ ಐಸಾ ಅಂತ ಅನ್ನಿಸುತ್ತದೆ, ಅಲ್ವಾ? ಕಾರ್ಬ್ಯುರೇಟರ್ ಗಂಟಲಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಒಳಗಿನ ಗಾಳಿ 20 ಡಿಗ್ರಿಗಿಂತ ಜಾಸ್ತಿ ತಣ್ಣಗಾಗಬಹುದು. ಗಾಳಿಯಲ್ಲಿ ತೇವ ಇದ್ದರೆ ಅದು ಅಲ್ಲೇ ಐಸಾಗಿ ಕಟ್ಟುತ್ತದೆ, ಅದರಲ್ಲೂ ಥ್ರಾಟಲ್ ಮುಚ್ಚಿ ಸಂದು ಕಿರಿದಾಗಿದ್ದಾಗ. ಕೆರಳಿಸುವ ವಿಷಯ ಏನೆಂದರೆ, ದಡಕ್ಕೆ ಬಂದು ನಾನು ಮುಚ್ಚಳ ತೆಗೆಯುವಷ್ಟರಲ್ಲಿ ಎಂಜಿನ್ನಿನ ಬಿಸಿಗೆ ಸಾಕ್ಷಿ ಕರಗಿ ಹೋಗಿರುತ್ತದೆ.

ಪೈಲಟ್ ಕಾರ್ಬ್ ಹೀಟ್ ಗುಬುಟು ಎಳೆದರು. ಎಕ್ಸಾಸ್ಟ್ ಸುತ್ತ ಬಿಸಿಯಾದ ಗಾಳಿಯನ್ನು ಒಳಗೆ ಬಿಡುವ ವ್ಯವಸ್ಥೆ ಅದು. ಆರ್‌ಪಿಎಂ ಮುಳ್ಳು 30ರಷ್ಟು ಇಳಿದು ಸುಮ್ನೆ ನಿಂತಿತು. ಈ ಎಂಜಿನ್ನಿನಲ್ಲಿ ಸುಮಾರು 100 ಇಳಿಯಬೇಕು. ದಡದಲ್ಲೂ ಎಳೆದು ನೋಡಿದ್ದೆನಲ್ಲ! ಇಳಿಯಿತಾ, ಇಳಿಯಿತು, ಟಿಕ್. ಎಷ್ಟು ಅಂತ ನೋಡಿರಲಿಲ್ಲ.

ವಾಪಸ್ ಬಂದು ಬಿಚ್ಚಿದೆ. ಕೇಬಲ್ಲಿನ ಕ್ಲ್ಯಾಂಪ್ ಜಾರಿತ್ತು. ಗುಬುಟು ಪೂರ್ತಿ ಹೊರಗಿದ್ದರೂ ಒಳಗಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು, ತಣ್ಣನೆ ಗಾಳಿಯೂ ಬರುತ್ತಿತ್ತು.

ಮರುದಿನ ಮತ್ತೆ ಅದೇ ಮಂಜು, ಅದೇ ತೇಲಾಟ. ಹೀಟ್ ಎಳೆದಾಗ 100 ಇಳಿಯಿತು. ಆಮೇಲೆ ಎಂಜಿನ್ ಕೆಮ್ಮಿತು, ನಡುಗಿತು. ಕರಗಿದ ನೀರು ನುಂಗುತ್ತಿತ್ತು. ಪೈಲಟ್ ಕೈ ಗುಬುಟನ್ನು ಒಳಗೆ ತಳ್ಳಲು ಹೋಯಿತು. "ಬಿಡಿ ಸರ್, ಹಾಗೇ ಇರಲಿ" ಅಂದೆ. ನನ್ನ ಕೈಯೂ ಸೀಟನ್ನು ಗಟ್ಟಿ ಹಿಡಿದಿತ್ತು ಅನ್ನಿ. ಸ್ವಲ್ಪ ಹೊತ್ತಿಗೆ ನಡುಕ ನಿಂತು ಮುಳ್ಳು ತಾನಾಗಿಯೇ ಮೇಲೇರಿತು. ಅವರು ಹೀಟ್ ಒಳಗೆ ತಳ್ಳಿದರು, ಯಾಕೆಂದರೆ ಬಿಸಿ ಗಾಳಿ ತೆಳು, ಹಾರುವಾಗ ಶಕ್ತಿ ಸಾಲುವುದಿಲ್ಲ. ಮರುಕ್ಷಣವೇ ಥ್ರಾಟಲ್.

ಈಗ ನನ್ನ ಪುಸ್ತಕದಲ್ಲಿ ಕಾರ್ಬ್ ಹೀಟ್ ಎದುರು ಟಿಕ್ ಹಾಕುವುದಿಲ್ಲ. ಎಷ್ಟು ಇಳಿಯಿತೋ ಆ ಸಂಖ್ಯೆ ಬರೆಯುತ್ತೇನೆ.