ಹಳದಿ ವೈರಿನಲ್ಲಿ 11.2 ವೋಲ್ಟ್

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಸಿಸ್ಟಂ ಅಸೆಂಬ್ಲಿ ನನ್ನ ಕೆಲಸ. ಹೋದ ಮದುವೆ ಸೀಸನ್‌ನಲ್ಲಿ ಒಬ್ಬ ವಿಡಿಯೋ ಎಡಿಟರ್‌ಗೆ ಕಟ್ಟಿಕೊಟ್ಟ ಪಿಸಿ ನೆನಪಾದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ಪ್ರೊಸೆಸರ್ ರೈಝೆನ್ 5 5600ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಬಜೆಟ್ ಮೀರಿತು. ಓನರ್ ಎಂದಿನ ಹಾಗೆ ಎಸ್‌ಎಂಪಿಎಸ್‌ಗೇ, ಅಂದರೆ ಪಿಸಿಯ ಒಳಗೆಲ್ಲ ಕರೆಂಟ್ ಹಂಚುವ ಡಬ್ಬಕ್ಕೇ, ಕತ್ತರಿ ಹಾಕಿದರು. ಬಣ್ಣದ ಲೈಟಿನ ಆರ್‌ಜಿಬಿ ಫ್ಯಾನ್ ಮುಟ್ಟಲಿಲ್ಲ. ಗಿರಾಕಿಗೆ ಕಾಣೋದು ಫ್ಯಾನ್ ತಾನೇ! ಡಬ್ಬದ ಮೇಲೆ 500 ವ್ಯಾಟ್ ಅಂತ ದಪ್ಪಕ್ಷರದಲ್ಲಿತ್ತು. ನಾನೂ ಅಷ್ಟನ್ನೇ ಓದಿ ಸ್ಕ್ರೂ ಬಿಗಿದೆ.

ಹದಿನೈದು ದಿನಕ್ಕೆ ಫೋನ್ ಬಂತು, ಎಡಿಟ್ ಮಾಡಿದ ವಿಡಿಯೋನ ಫೈಲ್ ಮಾಡೋಕೆ ರೆಂಡರ್‌ಗೆ ಹಾಕಿದರೆ ಆಫ್ ಆಗುತ್ತೆ ಅಂತ. ಮನೆಗೆ ಹೋಗಿ ನೋಡಿದರೆ ವಿಂಡೋಸ್‌ನ ದಾಖಲೆ ಪಟ್ಟಿ ಈವೆಂಟ್ ವ್ಯೂಯರ್ ತುಂಬ ಕರ್ನಲ್-ಪವರ್ 41, ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗಿದೆ ಅನ್ನೋ ಎರರ್. ರ‍್ಯಾಮ್ ಬಿಚ್ಚಿ ಮತ್ತೆ ಕೂರಿಸಿದೆ. ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಸ್ಟ್ರೆಸ್ ಟೆಸ್ಟ್ ಅರ್ಧ ಗಂಟೆ, ಆಮೇಲೆ ಗ್ರಾಫಿಕ್ಸ್ ಕಾರ್ಡ್‌ಗೆ ಅರ್ಧ ಗಂಟೆ. ಎರಡೂ ಪಾಸ್. "ನಿಮ್ಮ ಯುಪಿಎಸ್ ಹೋಗಿದೆ ಸಾರ್" ಅಂದೆ. ನಂಬಿದರು. ನಮ್ಮಲ್ಲೇ ಹೊಸದು ತಗೊಂಡರು.

ಮೂರನೇ ದಿನ ಸಂಜೆ ಏಳಕ್ಕೆ ಪಿಸಿ ಹೊತ್ತು ಬಂದರು. ಬೆಳಿಗ್ಗೆಯೊಳಗೆ ಪೆನ್‌ಡ್ರೈವ್ ಮದುವೆಯವರ ಕೈ ಸೇರಬೇಕು. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಕೊಟ್ಟು, ಅವರದೇ ಪ್ರಾಜೆಕ್ಟ್ ರೆಂಡರ್‌ಗೆ ಹಾಕಿದೆ. ಎಸ್‌ಎಂಪಿಎಸ್‌ನಿಂದ ಬರುವ ಮೊಲೆಕ್ಸ್ ಕನೆಕ್ಟರ್‌ನ ಹಳದಿ ವೈರಿಗೆ, ಅಂದರೆ 12 ವೋಲ್ಟ್ ಲೈನಿಗೆ, ಮಲ್ಟಿಮೀಟರ್‌ನ ಕೆಂಪು ಪ್ರೋಬ್, ಪಕ್ಕದ ಕಪ್ಪಿಗೆ ಕಪ್ಪು. 11.9. ರೆಂಡರ್ ಶುರುವಾಗುತ್ತಲೇ 11.5. ಎಡಿಟರ್ ಸ್ಟೂಲ್ ಎಳೆದುಕೊಂಡು ಮೀಟರ್ ಪಕ್ಕದಲ್ಲೇ ಕೂತರು. ರೆಂಡರ್ 40% ದಾಟಿದಾಗ 11.3. ಈ ಲೈನ್ 11.4ರ ಕೆಳಗೆ ಇಳಿಯಕೂಡದು. ನನ್ನ ಕೈ ಬೆವರಿ ಪ್ರೋಬ್ ಜಾರುತ್ತಿತ್ತು. 11.2 ಅಂತ ಕಂಡಿತು, ಟಕ್ ಅಂತು, ಸ್ಕ್ರೀನ್ ಕಪ್ಪಾಯಿತು.

"ಹಾಗಾದ್ರೆ ಯುಪಿಎಸ್ ಯಾಕೆ ತಗೊಂಡೆ ನಾನು?" ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ತಡಕೊಳ್ಳುತ್ತಿದ್ದೆ.

ಟಾರ್ಚ್ ಹಿಡಿದು ಎಸ್‌ಎಂಪಿಎಸ್ ಲೇಬಲ್ ಓದಿದೆ. 12 ವೋಲ್ಟ್ ಲೈನಿಗೆ 20 ಆಂಪ್ಸ್, ಅಂದರೆ 240 ವ್ಯಾಟ್. ಮಿಕ್ಕಿದ್ದೆಲ್ಲ 5 ಮತ್ತು 3.3 ವೋಲ್ಟ್ ಲೆಕ್ಕ. ಈಗಿನ ಸಿಸ್ಟಂ ಅದನ್ನು ಹೆಚ್ಚು ಎಳೆಯುವುದೇ ಇಲ್ಲ. ಕಾರ್ಡ್ ಒಂದಕ್ಕೇ 170, ಪ್ರೊಸೆಸರ್ ಫುಲ್ ಲೋಡ್‌ಗೆ 76, ಅಲ್ಲಿಗೇ 246. ಗಳಿಗೆಗೊಮ್ಮೆ ಕಾರ್ಡ್ ಇನ್ನೂ ಹೆಚ್ಚು ಎಳೆಯುತ್ತದೆ. ಒಂದೊಂದನ್ನೇ ಓಡಿಸಿದಾಗ ತಾಳಿಕೊಂಡಿದ್ದು ಇದಕ್ಕೇ. ಎರಡನ್ನೂ ಒಟ್ಟಿಗೆ ಓಡಿಸಿ ನೋಡಬೇಕಾದವನು ನಾನು, ನೋಡಲಿಲ್ಲ.

ಡೆಮೊ ಮಷೀನಿನ 650 ವ್ಯಾಟ್ ಬಿಚ್ಚಿ ಹಾಕಿದೆ. ಅದರ 12 ವೋಲ್ಟ್ ಲೈನ್ 54 ಆಂಪ್ಸ್. ಮೀಟರ್ 12.0ರಿಂದ ಕದಲಲಿಲ್ಲ, ಒಂಬತ್ತೂವರೆಗೆ ರೆಂಡರ್ ಮುಗಿಯಿತು. ಹಳೆಯದನ್ನು ಮಾರನೆಯ ದಿನ ಬಿಚ್ಚಿದೆ. ಕೈಯಲ್ಲಿ ಹಿಡಿದರೆ ಖಾಲಿ ಟಿಫನ್ ಡಬ್ಬಿಯಷ್ಟು ಹಗುರ. ಒಳಗೆ ಕರೆಂಟಿನ ಗಲಾಟೆ ಸೋಸುವ ಫಿಲ್ಟರ್ ಕಾಯಿಲ್ ಕೂರಬೇಕಾದ ಜಾಗದಲ್ಲಿ ಒಂದು ತುಂಡು ವೈರ್ ಬೆಸೆದಿದ್ದರು.

ಯುಪಿಎಸ್ ವಾಪಸ್ ತಗೊಳ್ಳಲು ಓನರ್ ವಾರ ಎಳೆದಾಡಿದರು. ಈಗ ಪ್ರತಿ ಕೊಟೇಶನ್‌ನಲ್ಲೂ ಎಸ್‌ಎಂಪಿಎಸ್ ಸಾಲಿನ ಕೆಳಗೆ 12 ವೋಲ್ಟ್ ಎಷ್ಟು ಆಂಪ್ಸ್ ಅಂತ ಪೆನ್ನಿನಲ್ಲಿ ಬರೆಯುತ್ತೇನೆ. 80 ಪ್ಲಸ್ ಗೋಲ್ಡ್ ಅಂತ ಕೇಳಿ ಬರುವವರಿಗೂ ಮೊದಲು ಅದನ್ನೇ ತೋರಿಸುತ್ತೇನೆ; ಆ ಗುರುತು ಹೇಳೋದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದನ್ನ, ಬಾಳಿಕೆಯನ್ನಲ್ಲ. ಇದರಿಂದ ವ್ಯಾಪಾರ ಕೆಡುತ್ತೆ ಅಂತ ಓನರ್ ಗೊಣಗುತ್ತಾರೆ. ನಾನಂತೂ ಬರೆಯೋದು ಬಿಟ್ಟಿಲ್ಲ.