ಹೊಳೆ ನೋಡಲು ಹೋಗಿ ನಾಲೆ ಹಿಡಿದು ಬಂದೆವು

ಜುಲೈ ಬಂತು ಅಂದರೆ ನಮ್ಮ ಮಾವನದು ಒಂದೇ ಪ್ರಶ್ನೆ. ‘ಕಟ್ಟೆ ಎಷ್ಟಾಯ್ತ್ಲಾ?’ ಕಟ್ಟೆ ಅಂದರೆ ಕಾವೇರಿಯ ಕನ್ನಂಬಾಡಿ ಕಟ್ಟೆ. ಕೆಆರ್‌ಎಸ್ ಅಂತ ಅವರ ಬಾಯಲ್ಲಿ ಯಾವತ್ತೂ ಬಂದಿಲ್ಲ. ಉತ್ತರವನ್ನೂ ಅಡಿ ಲೆಕ್ಕದಲ್ಲೇ ಕೊಡಬೇಕು. ಈ ಸಲ ಫೋನಿನಲ್ಲಿ 124.80 ಅಂದೆ. ಅಂದರೆ ಪೂರ್ತಿ. ಮಾರನೇ ದಿನ ಬೆಳಿಗ್ಗೆಯೇ ಮದ್ದೂರು ಕಡೆಯಿಂದ ಬಸ್ಸು ಹತ್ತಿ ಮೈಸೂರಿನ ನಮ್ಮ ಮನೆಗೆ ಬಂದಿಳಿದರು. ‘ನಡಿ, ನೋಡ್ಕಂಡ್ ಬರಾವ.’

ಬೈಕಿನಲ್ಲಿ ಹೊರಟೆವು. ಮೊದಲು ಬಲಮುರಿ ಅಂದುಕೊಂಡಿದ್ದು. ಬೆಳಗೊಳದ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ರಿಪೇರಿಯವನು ಬರೋವರೆಗೆ ನಾಲೆ ಏರಿ ಮೇಲೆ ಕೂತೆವು. ವಿರಿಜಾ ನಾಲೆ. ಬಲಮುರಿ ಕಟ್ಟೆಯಿಂದಲೇ ಹೊರಡುವ ಹಳೇ ನಾಲೆ ಇದು, ಕನ್ನಂಬಾಡಿಗಿಂತ ಎಷ್ಟೋ ಹಿಂದಿನದು.

ಅಲ್ಲಿ ಕೂತೇ ಮಾವ ನನಗೆ ಪಾಠ ಮಾಡಿದರು. ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ಗದ್ದೆ ಎತ್ತರದಲ್ಲಿ ಇರುತ್ತದೆ. ನೀರು ಮೇಲೆ ಹತ್ತೋದು ಹೇಗೆ? ಹತ್ತೋದೇ ಇಲ್ಲ. ಮೇಲುಗಡೆ ಬಂಡೆ ಸಾಲು ನೋಡಿ ಹೊಳೆಗೆ ಅಡ್ಡ ಒಂದು ಕಟ್ಟೆ ಹಾಕಿ, ಪಕ್ಕದಿಂದ ನಾಲೆ ತೆಗೆಯುತ್ತಾರೆ. ಹೊಳೆ ಬೇಗ ಬೇಗ ಇಳಿಯುತ್ತದೆ. ನಾಲೆಗೆ ಕೊಡೋ ಇಳಿಜಾರು ತೀರಾ ಕಮ್ಮಿ, ಗುಡ್ಡದ ಬುಡ ಹಿಡಿದು ಸೋಮಾರಿ ಥರ ಬಳಸಿಕೊಂಡು ಹೋಗುತ್ತದೆ. ಕೆಲವು ಮೈಲಿ ಆದ ಮೇಲೆ ನೋಡಿದರೆ ನಾಲೆ ಮೇಲೆ, ಹೊಳೆ ಕೆಳಗೆ. ಎರಡರ ನಡುವಿನ ನೆಲವೆಲ್ಲ ಗದ್ದೆ. ಮಾವ ಇದನ್ನು ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೀಚಿ ತೋರಿಸಿದರು. ಹೊಳೆಯ ಆಚೆ ಚಿಕ್ಕದೇವರಾಯ ಸಾಗರ ನಾಲೆಗೂ ಇದೇ ಲೆಕ್ಕ. ನಮ್ಮ ಕಡೆ ಅದನ್ನು ಸಿಡಿಎಸ್ ನಾಲೆ ಅಂತಾರೆ. ಚಿಕ್ಕದೇವರಾಜ ಒಡೆಯರ ಹೆಸರು ಇಂಗ್ಲಿಷಿನ ಮೂರು ಅಕ್ಷರವಾಗಿ ಕೂತಿದೆ ನೋಡಿ.

ಬಲಮುರಿಯಲ್ಲಿ ಪೊಲೀಸರು ಒಳಗೆ ಬಿಡಲಿಲ್ಲ. ಹೊಳೆ ಕೆಂಪಗೆ, ಕಟ್ಟೆಯೇ ಕಾಣದ ಹಾಗೆ ನುಗ್ಗುತ್ತಿತ್ತು.

ಕನ್ನಂಬಾಡಿಯಲ್ಲಿ ಜಾತ್ರೆ. ಎಲ್ಲರೂ ಗೇಟಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯೋರೇ. 1911ರಲ್ಲಿ ಶುರುವಾದ ಕಟ್ಟೆಗೆ ಸಿಮೆಂಟ್ ಬದಲು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆ ಪುಡಿ ಸುಣ್ಣ ಬೆರೆಸಿದ ಗಾರೆ, ಬಳಸಿದ್ದು ನಮಗೆಲ್ಲ ಗೊತ್ತು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಮಂಡ್ಯದ ಹೋಟೆಲುಗಳ ಗೋಡೆ ಮೇಲೂ ಇದ್ದಾರೆ. ಹೇಮಾವತಿ, ಲಕ್ಷ್ಮಣತೀರ್ಥ ಎರಡೂ ಹಿನ್ನೀರಿನಲ್ಲೇ ಬಂದು ಸೇರುತ್ತವೆ. ಹಳೇ ಕನ್ನಂಬಾಡಿ ಊರು ಅದೇ ನೀರಿನ ಅಡಿಯಲ್ಲಿದೆ. ಮಾವನ ಕಣ್ಣು ಮಾತ್ರ ಗೇಟಿನ ಕಡೆ ಇರಲಿಲ್ಲ. ‘ನಾಲೆಗೆ ಬಿಟ್ಟವ್ರಾ?’ ಅಂತ ಅಲ್ಲಿದ್ದ ಕಾವಲುಗಾರನನ್ನು ಕೇಳಿದರು. ಬಿಟ್ಟಿದ್ದರು. ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಹುಲಿಕೆರೆ ಸುರಂಗ ಹೊಕ್ಕು ಆಚೆ ಬಂದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೋಗುತ್ತದೆ. ಈ ನಾಲೆ ಬಂದ ಮೇಲೆಯೇ ರಾಗಿಯ ಹೊಲ ಕಬ್ಬಿನ ಗದ್ದೆ ಆಗಿದ್ದು. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ.

ಶ್ರೀರಂಗಪಟ್ಟಣದಲ್ಲಿ ನಾನು ನೋಡಬೇಕು ಅಂತಿದ್ದದ್ದು ಕೋಟೆಯಲ್ಲ, ಬಂಗಾರದೊಡ್ಡಿ ನಾಲೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಮಾಡಿಸಿದ್ದು. ಊರು ಇರೋದು ದ್ವೀಪದ ಮೇಲೆ, ಸುತ್ತಲೂ ನೀರು. ಆದರೂ ಗದ್ದೆಗೆ ನೀರು ಹತ್ತುವುದಿಲ್ಲ. ಅದಕ್ಕೆ ಮೇಲುಗಡೆಯಿಂದ ನಾಲೆ ತಂದು, ಹೊಳೆಯ ಒಂದು ಕವಲಿನ ಮೇಲೆ ಕಲ್ಲಿನ ಸೇತುವೆ ಕಟ್ಟಿ ದಾಟಿಸಿದ್ದಾರೆ. ಕೆಳಗೆ ಕಾವೇರಿ, ಸೇತುವೆ ನೆತ್ತಿ ಮೇಲೂ ಕಾವೇರಿ. ಕೆಳಗಿನದು ಬೊಬ್ಬೆ ಹೊಡೆಯುತ್ತಿತ್ತು. ಮೇಲಿನದು ಸದ್ದೇ ಇಲ್ಲ. ಹೆಂಗಸೊಬ್ಬರು ಅದರಲ್ಲಿ ಚಾಪೆ ತೊಳೆಯುತ್ತಿದ್ದರು. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಇಲ್ಲಿಗೆ ಬಂದವರು ನಾವಿಬ್ಬರೇ.

ಸಂಗಮದಲ್ಲಿ ಕಡಲೆಕಾಯಿ ತಿನ್ನುತ್ತಾ ಮಾತು ತಮಿಳುನಾಡಿನ ಕಡೆ ತಿರುಗಿತು. ಮೈಸೂರು-ಮದ್ರಾಸಿನ 1924ರ ಒಪ್ಪಂದದಿಂದ, ತಮಿಳುನಾಡಿಗೆ ವರ್ಷಕ್ಕೆ ಇಷ್ಟು ಬಿಡಿ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿವರೆಗೆ ಮಾವನಿಗೆ ಎಲ್ಲ ಬಾಯಿಪಾಠ. ಮಳೆ ಕೈಕೊಟ್ಟ ವರ್ಷ ಹೆದ್ದಾರಿಯಲ್ಲಿ ಕೂರೋರಲ್ಲಿ ಅವರೂ ಒಬ್ಬರು. ಬೈತಾರೆ ಅಂದುಕೊಂಡೆ. ‘ತಂಜಾವೂರ್ನೋರು ಹೊಳೆ ಕೊನೆಭಾಗ್ದೋರು ಕಣ್ಲಾ. ನಾನು ನಾಲೆ ಕೊನೆಭಾಗ್ದೋನು. ಮೇಲ್ಗಡೆ ಗದ್ದೆಯೋರು ರಾತ್ರಿ ತೂಬು ಎತ್ತಿಬಿಟ್ರೆ ನಂಗೇನ್ ಉಳಿತದೆ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಂಗಂತ ನಮ್ದು ಬಿಟ್ಕೊಡಕ್ಕಾದದಾ?’ ಅಂತಲೂ ಸೇರಿಸಿದರು.

ನಾಲೆ ಏರಿ ಸಿಕ್ಕಿದ ಕಡೆಯೆಲ್ಲ ಅದನ್ನೇ ಹಿಡಿದು, ಅವರನ್ನು ಊರಿಗೆ ಬಿಟ್ಟೆ. ಅವರ ಗದ್ದೆ ಪಕ್ಕದ ಕಿರುಗಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಮೂರು ದಿನ ಅಲ್ಲೇ ಉಳಿದೆ. ನಾಲ್ಕನೇ ದಿನ ಬೆಳಗಿನ ಜಾವ ಮಾವ ಎಬ್ಬಿಸಿದರು. ಟಾರ್ಚ್ ಬೆಳಕಿನಲ್ಲಿ ನೀರಿನ ತುದಿ ಕಂಡಿತು. ನೊರೆ, ಒಣ ಎಲೆ, ಒಂದು ಹವಾಯಿ ಚಪ್ಪಲಿ, ಗುಟ್ಕಾ ಚೀಟಿ ಎಲ್ಲವನ್ನೂ ತಳ್ಳಿಕೊಂಡು ನಡೆದುಕೊಂಡು ಬಂದ ಹಾಗೆ ಬರುತ್ತಿತ್ತು. ಬಿರುಕುಗಳಿಂದ ಇರುವೆಗಳು ಮೇಲೆ ಹತ್ತಿದವು. ಮಾವ ಗುದ್ದಲಿ ತಗೊಂಡು ಬದು ಕಡಿದರು. ಆಮೇಲೆ ಬಗ್ಗಿ, ಆ ಚಪ್ಪಲಿ ಎತ್ತಿ ಏರಿ ಮೇಲಿಟ್ಟರು. ಯಾರದೋ ಏನೋ, ಕೇಳಿಕೊಂಡು ಬಂದಾರು ಅಂತ.